ಹುಬ್ಬಳ್ಳಿ ಶೆಡ್ಡಿನಿಂದ ಮಲ್ಪೆ ಮರಳಿಗೆ: ಸಣ್ಣ ಕಟಮರಾನಿನ ತಯಾರಿ

ಗೋಕುಲ್ ರೋಡಿನ ಶೆಡ್ಡಿನ ಮುಂದೆ ನಾನೂ ಗೆಳೆಯನೂ ನಮ್ಮ ದೋಣಿಯ ಹಾಯಿಕಂಬ ಎತ್ತಿ ನಿಲ್ಲಿಸಲು ಹೊರಟಿದ್ದೆವು. ಎದುರಿನ ಗ್ಯಾರೇಜಿನ ಅಜ್ಜ ಕುಳಿತಲ್ಲಿಂದಲೇ ಕೂಗಿದ. "ಏ ತಮ್ಮಾ, ಮ್ಯಾಲ್ ನೋಡ!" ಮೇಲೆ ಕರೆಂಟಿನ ತಂತಿ. ಕಂಬ ಅಲ್ಯೂಮಿನಿಯಮ್ಮಿನದು, 8 ಮೀಟರ್ ಉದ್ದ. ಇನ್ನೆರಡು ಮೊಳ ಎತ್ತಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಊರೊಳಗೆ ಕಂಬ ಎತ್ತಲೇಬೇಡಿ. ಮಲಗಿಸಿಯೇ ಹಗ್ಗ, ತಂತಿ, ರಾಟೆ ಎಲ್ಲ ನೋಡಿಕೊಳ್ಳಿ. ಎತ್ತುವುದು ಬಯಲಾದ ದಂಡೆಗೆ ಹೋದ ಮೇಲೆ.

ನಮ್ಮದು ಹೋಬಿ 16 ಅನ್ನುವ ಹಳೆಯ ಕಟಮರಾನ್, ಅಂದರೆ ಎರಡು ಒಡಲಿನ ಹಾಯಿದೋಣಿ. ಉದ್ದ 5 ಮೀಟರಿಗೆ ಸ್ವಲ್ಪ ಜಾಸ್ತಿ, ಅಗಲ 2.4 ಮೀಟರ್, ತೂಕ ಸುಮಾರು 145 ಕಿಲೋ. ಅಮೆರಿಕದ ಫ್ಲೋರಿಡಾದಲ್ಲಿ ಎವರ್‌ಗ್ಲೇಡ್ಸ್ ಚಾಲೆಂಜ್ ಅಂತ ಒಂದು ಸ್ಪರ್ಧೆ ಇದೆ. ಟ್ಯಾಂಪಾ ಬೇಯಿಂದ ಕೀ ಲಾರ್ಗೊವರೆಗೆ ಸುಮಾರು 300 ಮೈಲಿ, 8 ದಿನದ ಗಡುವು, ಜೊತೆಗೆ ಸಹಾಯದ ದೋಣಿ ಇಲ್ಲ. ಮರಳ ಮೇಲಿರುವ ದೋಣಿಯನ್ನು ನೀವೇ ನೀರಿಗೆ ಇಳಿಸಬೇಕು. ಅಲ್ಲಿಗೆ ಹೋಗುವ ದುಡ್ಡು ನಮ್ಮಲ್ಲಿ ಇರಲಿಲ್ಲ. ಅದೇ ನಿಯಮ ಇಟ್ಟುಕೊಂಡು ಅಂಕೋಲಾದಿಂದ ಮಲ್ಪೆಗೆ ಹೋಗೋಣ ಅಂದುಕೊಂಡೆವು. ಸಮುದ್ರದ ದಾರಿಯಲ್ಲಿ ಸುಮಾರು 150 ಕಿ.ಮೀ.

ಕಾರವಾರದಿಂದಲೇ ಹೊರಡುವ ಆಸೆ ಎಲ್ಲರಿಗೂ ಇರುತ್ತದೆ. ಬಿಟ್ಟುಬಿಡಿ. ಅಲ್ಲಿಂದ ದಕ್ಷಿಣಕ್ಕೆ ನೌಕಾನೆಲೆ ಇದೆ, ಅದರ ನೀರಿನೊಳಗೆ ಸುಮ್ನೆ ನುಗ್ಗುವಂತಿಲ್ಲ. ಹುಬ್ಬಳ್ಳಿಯಿಂದ ಬರುವ ಹೆದ್ದಾರಿ ಹೇಗೂ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾಕ್ಕೇ ಬಂದು ಸೇರುತ್ತದೆ. ಹೊರಡುವ ಮೊದಲು ಕರಾವಳಿ ಕಾವಲು ಪೊಲೀಸರಿಗೂ ಬಂದರು ಕಚೇರಿಗೂ ಹೋಗಿ ದೋಣಿಯ ಫೋಟೊ, ನಿಮ್ಮ ಗುರುತಿನ ಚೀಟಿ, ಯಾವ ದಿನ ಎಲ್ಲಿ ತಂಗುತ್ತೀರಿ ಅನ್ನುವ ಪಟ್ಟಿ ಕೊಡಿ. ಕೋಸ್ಟ್ ಗಾರ್ಡ್ ಸಹಾಯವಾಣಿ 1554 ಇಬ್ಬರ ಫೋನಿನಲ್ಲೂ ಇರಲಿ. ದೋಣಿಯವರು ಬಳಸುವ ವಿಎಚ್‌ಎಫ್ ರೇಡಿಯೊ ಇದ್ದರೆ ತುರ್ತು ಕರೆಗೆ ಚಾನೆಲ್ 16.

ಕೆಲಸದ ಮುಕ್ಕಾಲು ಪಾಲು ಹುಬ್ಬಳ್ಳಿಯಲ್ಲೇ ಆಯಿತು. ಮೊದಲು ನೀರು ಎಲ್ಲಿ ಒಳಗೆ ನುಗ್ಗುತ್ತದೆ ಅಂತ ಹುಡುಕಬೇಕು. ಎರಡೂ ಒಡಲುಗಳ ಹೊರಗೆ ಸಾಬೂನು ನೀರು ಸವರಿ, ನೀರು ಬಸಿಯುವ ತೂತಿನಿಂದ ಒಳಗೆ ಗಾಳಿ ಊದಬೇಕು. ನಾನು ಪಂಕ್ಚರ್ ಅಂಗಡಿಯ ಕಂಪ್ರೆಸರ್ ತರಲು ಹೊರಟಿದ್ದೆ. ಗೆಳೆಯ ತಡೆದ. ಅಷ್ಟು ಒತ್ತಡಕ್ಕೆ ಫೈಬರಿನ ಹೊಲಿಗೆಯೇ ಬಿಟ್ಟುಹೋಗುತ್ತದೆ. ಬಾಯಿಂದ ಊದಿದರೇ ಸಾಕು. ಹಾಗೆ ಊದುತ್ತಾ ಹೋದಾಗ ಬಲ ಒಡಲಿನ ಹಿಂಬದಿಯಲ್ಲಿ, ಚುಕ್ಕಾಣಿ ಕೂರುವ ಸ್ಕ್ರೂ ಪಕ್ಕ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಮೂರು ವಾರ ಹುಡುಕಿದ ಕಳ್ಳ ಅಲ್ಲಿ ಕೂತಿದ್ದ.

ಅದನ್ನು ಸರಿ ಮಾಡಿದೆವು. ಆದರೆ ಎಡ ಒಡಲಿನ ಮುಚ್ಚಳ ಕೂರಿಸುವಾಗ ನಾನು ಬಾತ್‌ರೂಮಿಗೆ ಹಚ್ಚುವ ಸಿಲಿಕಾನ್ ಹಚ್ಚಿದೆ. ಮನೆಯಲ್ಲಿ ಉಳಿದಿತ್ತು, ಅಷ್ಟೇ ಕಾರಣ. ಎರಡನೇ ದಿನ ಸಂಜೆ ಹೊನ್ನಾವರದ ಹತ್ತಿರದ ಕಾಸರಕೋಡಿನಲ್ಲಿ ದಂಡೆಗೆ ಎಳೆದಾಗ ಎಡಭಾಗ ಕಲ್ಲಿನ ಹಾಗೆ ಭಾರ. ಬಿರಡೆ ಬಿಚ್ಚಿದರೆ ಒಂದು ಬಕೆಟ್ಟಿನಷ್ಟು ಉಪ್ಪುನೀರು. ದೋಣಿಗೆಂದೇ ಬರುವ ಪಾಲಿಯುರೆಥೇನ್ ಸೀಲೆಂಟ್ ತರಿಸಿ. ದುಬಾರಿ ಹೌದು, ತರಿಸಿ.

ಬೋಲ್ಟಿನ ವಿಷಯವೂ ಹಾಗೇ. ಹಾರ್ಡ್‌ವೇರ್ ಅಂಗಡಿಯಲ್ಲಿ "ಸ್ಟೀಲ್ ರೀ, ತುಕ್ಕು ಹಿಡಿಯೂದಿಲ್ಲ" ಅಂತ ಕೊಡುವುದು ಬಹಳ ಸಲ 202 ದರ್ಜೆಯದು. ಉಪ್ಪುಗಾಳಿಗೆ ಅದು ಬೇಗ ಕೆಂಪಾಗುತ್ತದೆ. 316 ಅಂತ ಕೇಳಿಯೇ ತೆಗೆದುಕೊಳ್ಳಿ. ಅಲ್ಯೂಮಿನಿಯಮ್ಮಿಗೆ ಸ್ಟೀಲ್ ತಾಗುವ ಕಡೆಯೆಲ್ಲ ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಹಿಟ್ಟಿನ ಹಾಗೆ ಉದುರುತ್ತದೆ.

ಊಟದಲ್ಲಿ ಮಾತ್ರ ನಮ್ಮ ಕಡೆಯವರಿಗೆ ಯಾರೂ ಸಾಟಿಯಿಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಚ್ಚಿದ ಅವಲಕ್ಕಿ. ಒಲೆ ಬೇಡ, ಫ್ರಿಜ್ ಬೇಡ. ಒಂದೇ ಎಚ್ಚರ: ಕರಾವಳಿಯ ಗಾಳಿ ತಾಗಿದರೆ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ದಿನಕ್ಕೊಂದು ಕಟ್ಟು ಮಾಡಿ, ಗಾಳಿಯಾಡದ ಚೀಲದಲ್ಲಿ ಬೇರೆ ಬೇರೆ ಇಡಿ. ನೀರು ತಲೆಗೆ ದಿನಕ್ಕೆ 4 ಲೀಟರ್, ಸಣ್ಣ ಕ್ಯಾನುಗಳಲ್ಲಿ. ಒಂದೇ ದೊಡ್ಡ ಕ್ಯಾನ್ ಒಡೆದರೆ ಮುಗಿಯಿತು, ಅಲ್ವಾ? ಭಾರದ್ದೆಲ್ಲ ಕಂಬದ ಹಿಂದೆ, ನಡುಭಾಗಕ್ಕೆ ಕಟ್ಟಿ. ಈ ದೋಣಿಯ ಮೂತಿ ತೆಳು. ಮುಂದೆ ಭಾರ ಬಿದ್ದರೆ ಅಲೆಯೊಳಗೆ ಮೂತಿ ತೂರಿಸಿ ಲಾಗ ಹೊಡೆಯುತ್ತದೆ.

ಮಗುಚುವ ಅಭ್ಯಾಸ ಉಣಕಲ್ ಕೆರೆಯಲ್ಲಿ ಮಾಡೋಣ ಅಂದುಕೊಂಡೆವು. ಅಲ್ಲಿನ ಜನ ನೋಡಿ ಮನಸ್ಸು ಬದಲಾಯಿತು. ಅಂಕೋಲಾದಲ್ಲೇ, ಎದೆಮಟ್ಟಕ್ಕಿಂತ ಆಳದ ನೀರಿನಲ್ಲಿ ಬೇಕಂತಲೇ ಆರು ಸಲ ಮಗುಚಿದೆವು. ಕಂಬದ ತುದಿಗೆ ಒಂದು ತೇಲುಬುಂಡೆ ಕಟ್ಟಿಕೊಳ್ಳಿ. ಇಲ್ಲದಿದ್ದರೆ ಕಟಮರಾನ್ ಪೂರ್ತಿ ತಲೆಕೆಳಗಾಗಿ ಬಿಡುತ್ತದೆ, ಇಬ್ಬರಿಂದ ಎತ್ತುವುದು ಬಹಳ ಕಷ್ಟ. ಮಗುಚಿದಾಗ ಮೂತಿ ಗಾಳಿಯ ಕಡೆ ತಿರುಗಿಸಿ, ಹಾಯಿಯ ಹಗ್ಗ ಸಡಿಲ ಬಿಟ್ಟು, ಕೆಳಗಿನ ಒಡಲ ಮೇಲೆ ನಿಂತು ಹಿಂದಕ್ಕೆ ವಾಲಬೇಕು. ಲೈಫ್ ಜಾಕೆಟ್ ಕಟ್ಟಿಕೊಂಡೇ ಇದನ್ನೆಲ್ಲ ಕಲಿಯಿರಿ.

ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಗ್ಗೆ ಗಾಳಿ ಭೂಮಿಯಿಂದ ಸಮುದ್ರಕ್ಕೆ, ಮೆಲ್ಲಗೆ. ಹತ್ತರ ಹೊತ್ತಿಗೆ ಸತ್ತೇಹೋಗುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಜೋರಾಗಿ ಬೀಸುತ್ತದೆ. ಅದಕ್ಕೇ ಉತ್ತರದಿಂದ ದಕ್ಷಿಣಕ್ಕೆ ಹೋಗಿ, ಗಾಳಿ ಬೆನ್ನಿಗಿರುತ್ತದೆ. ಮಲ್ಪೆಯಿಂದ ಅಂಕೋಲಾಕ್ಕೆ ಬರುತ್ತೇನೆ ಅನ್ನುವವರಿಗೆ ನನ್ನ ನಮಸ್ಕಾರ.

ಗೋಕರ್ಣ, ಕಾಸರಕೋಡು, ಮುರ್ಡೇಶ್ವರ, ಮರವಂತೆ, ಮಲ್ಪೆ ಅಂತ ಐದು ದಿನ. ಶರಾವತಿ ಸಮುದ್ರ ಸೇರುವ ಅಳಿವೆಯೊಳಗೆ ನುಗ್ಗಬೇಡಿ. ಇಳಿತದ ಹೊತ್ತಿಗೆ ಹೊರಬರುವ ಹೊಳೆನೀರಿಗೂ ಒಳಬರುವ ಅಲೆಗೂ ಅಲ್ಲಿ ಜಗಳ. ದಾಟಿ ಮುಂದೆ ಹೋಗಿ ದಂಡೆಯಲ್ಲೇ ಇಳಿಯಿರಿ. ಊರವರೆಲ್ಲ ಸೇರಿ ದಂಡೆಗೆ ಎಳೆಯುವ ದೊಡ್ಡ ರಂಪಣಿ ಬಲೆ ಬಿಟ್ಟಿರುವ ಜಾಗಕ್ಕೂ ಹೋಗಬೇಡಿ. ಬಲೆ ಹರಿದರೆ ಒಂದು ಊರಿನ ದಿನದ ದುಡಿಮೆ ಹೋಯಿತು.

ಯಾರ ಸಹಾಯವೂ ಬೇಡ ಅನ್ನುವ ನಿಯಮ ಮರವಂತೆಯಲ್ಲಿ ಮುರಿಯಿತು. ನಾವು ತುಂಬಿದ ದೋಣಿಯನ್ನು ಮರಳಿನಲ್ಲಿ ಗೇಣು ಗೇಣು ಎಳೆಯುತ್ತಿದ್ದುದನ್ನು ಮೀನುಗಾರರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಂಟು ಜನ ಬಂದು ನಮ್ಮನ್ನು ಬದಿಗೆ ಸರಿಸಿ ಎತ್ತಿಯೇಬಿಟ್ಟರು. ಫ್ಲೋರಿಡಾದ ನಿಯಮವನ್ನು ಅವರಿಗೆ ವಿವರಿಸುವ ಧೈರ್ಯ ನಮಗಾಗಲಿಲ್ಲ.

ವಾಪಸ್ ಬರುವ ಲಾರಿಯನ್ನು ಮೊದಲೇ ಮಾತಾಡಿಟ್ಟಿರಿ. ದೋಣಿ ಬಿಚ್ಚಿ ಒಡಲುಗಳ ನಡುವೆ ಹಳೆ ಗಾದಿ ತುರುಕಿ, ಹಿಂದೆ ಚಾಚಿದ ಕಂಬಕ್ಕೆ ಕೆಂಪು ಬಟ್ಟೆ ಕಟ್ಟಿ. ಮನೆಗೆ ಬಂದ ದಿನವೇ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಬೇಕು, ರಾಟೆ, ಹಗ್ಗ, ಬೋಲ್ಟು ಒಂದೂ ಬಿಡದೆ. ನಾವು ಬಂದ ದಿನ ಓಣಿಯಲ್ಲಿ ನಳ ಬರಲು ಇನ್ನೂ ನಾಲ್ಕು ದಿನ ಇತ್ತು. ಟ್ಯಾಂಕರ್ ತರಿಸಿದೆವು. ದೋಣಿಗೆ ಟ್ಯಾಂಕರ್ ಹಾಕಿಸಿದ ಮನೆ ಅಂತ ಓಣಿಯವರು ಈಗಲೂ ನಮ್ಮ ಬಾಗಿಲು ತೋರಿಸುತ್ತಾರೆ.