ಬುದ್ಧನೇ ಒಪ್ಪಿದ ಮೇಲೆ ಇನ್ನೇನು ತಕರಾರು?

ಬೌದ್ಧ ಧರ್ಮದ ಮಾತು ಬಂದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: ಬುದ್ಧ ತನ್ನನ್ನು ಸಾಕಿದ ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿಯನ್ನೇ ಸಂಘಕ್ಕೆ ಸೇರಿಸಿಕೊಂಡನಲ್ಲ, ಮತ್ತೆ ಈಗ ಹೆಂಗಸರು ಭಿಕ್ಷುಣಿ ಆಗೋಕೆ ಅಡ್ಡಿ ಏನು?

ಅಡ್ಡಿ ಇರುವುದು ನಿಯಮದ ಒಂದು ಗಂಟಿನಲ್ಲಿ. ಹೆಣ್ಣಿಗೆ ಪೂರ್ಣ ದೀಕ್ಷೆ ಎರಡು ಸಲ ಆಗಬೇಕು. ಮೊದಲು ಭಿಕ್ಷುಣಿಯರಿಂದ, ಆಮೇಲೆ ಭಿಕ್ಷುಗಳಿಂದ. ಶ್ರೀಲಂಕಾದಲ್ಲಿ 11ನೇ ಶತಮಾನದಲ್ಲಿ, ಚೋಳರ ದಾಳಿಯ ಕಾಲಕ್ಕೆ, ಭಿಕ್ಷುಣಿ ಸಂಘವೇ ಇಲ್ಲವಾಯಿತು. ಕೊಡುವವರೇ ಇಲ್ಲದ ಮೇಲೆ ಪಡೆಯುವುದು ಹೇಗೆ? ತಮಾಷೆ ಏನಂದ್ರೆ, ಭಿಕ್ಷುಗಳ ಪರಂಪರೆಯೂ ಅಲ್ಲಿ ಕಡಿದುಹೋಗಿತ್ತು. ಅದಕ್ಕೆ ಒಮ್ಮೆ ಬರ್ಮಾದಿಂದ, 1753ರಲ್ಲಿ ಸಯಾಮಿನಿಂದ (ಇಂದಿನ ಥಾಯ್ಲೆಂಡ್) ಭಿಕ್ಷುಗಳನ್ನು ಕರೆಸಿ ಸರಿಮಾಡಿಕೊಂಡರು. ಹೆಂಗಸರ ವಿಷಯ ಬಂದಾಗ ಮಾತ್ರ, ಹೋದದ್ದು ಹೋಯಿತು!

ಆದರೆ ಪೂರ್ತಿ ಹೋಗಿರಲಿಲ್ಲ. 5ನೇ ಶತಮಾನದಲ್ಲೇ ಸಿಂಹಳದ ಭಿಕ್ಷುಣಿಯರು ಹಡಗು ಹತ್ತಿ ಚೀನಾಕ್ಕೆ ಹೋಗಿ, ಅಲ್ಲಿಯ ಹೆಂಗಸರಿಗೆ ದೀಕ್ಷೆ ಕೊಟ್ಟಿದ್ದರು. ಆ ಪರಂಪರೆ ಚೀನಾ, ಕೊರಿಯಾ, ತೈವಾನ್‌ಗಳಲ್ಲಿ ಇವತ್ತಿಗೂ ಇದೆ. 1996ರಲ್ಲಿ ಸಾರನಾಥದಲ್ಲಿ ಕೊರಿಯಾದವರ ನೆರವಿನಿಂದ ಶ್ರೀಲಂಕಾದ ಹೆಂಗಸರು ಮತ್ತೆ ಭಿಕ್ಷುಣಿಯರಾದರು. ಚೀನಾ, ಕೊರಿಯಾಗಳದ್ದು ಬೌದ್ಧರ ಮಹಾಯಾನ ಪಂಥ, ಶ್ರೀಲಂಕಾ, ಥಾಯ್ಲೆಂಡುಗಳದ್ದು ಥೇರವಾದ ಪಂಥ. ಹಾಗಾಗಿ 'ಅವರು ಮಹಾಯಾನದವರು, ನಾವು ಥೇರವಾದದವರು, ಇದು ಲೆಕ್ಕಕ್ಕಿಲ್ಲ' ಅನ್ನುವವರು ಈಗಲೂ ಇದ್ದಾರೆ. ಸಿಂಹಳದವರೇ ಕೊಟ್ಟ ಕೆಂಡ ಅದು. ತಮ್ಮ ಒಲೆ ಆರಿದಾಗ ಪಕ್ಕದ ಮನೆಯಿಂದ ವಾಪಸ್ ತಂದರೆ ಬೆಂಕಿ ಬೇರೆ ಆಗುತ್ತಾ?

ಥಾಯ್ಲೆಂಡಿನ ಕಥೆ ಇನ್ನೂ ಬಿಗಿ. ಹೆಂಗಸರಿಗೆ ದೀಕ್ಷೆ ಕೊಡಬಾರದು ಎಂದು 1928ರಲ್ಲಿ ಅಲ್ಲಿಯ ಸಂಘರಾಜರು (ಭಿಕ್ಷು ಸಂಘದ ಮುಖ್ಯಸ್ಥರು) ಹೊರಡಿಸಿದ ಆಜ್ಞೆ ಇನ್ನೂ ನಿಂತಿದೆ. ಬಿಳಿ ಬಟ್ಟೆ ಉಟ್ಟು, ತಲೆ ಬೋಳಿಸಿಕೊಂಡು, ಎಂಟು ಶೀಲ (ನಡತೆಯ ವ್ರತ) ಪಾಲಿಸುವ 'ಮೇಚಿ' ಆಗುವುದೊಂದೇ ದಾರಿ. ಈ ಮೇಚಿಗಳ ಪಾಡು ಕೇಳಿ. ಚುನಾವಣೆ ಬಂದರೆ ಅವರು ಸನ್ಯಾಸಿಗಳು, ಹಾಗಾಗಿ ಓಟಿಲ್ಲ. ಬಸ್ಸು ಹತ್ತಿದರೆ ಗೃಹಸ್ಥರು, ಹಾಗಾಗಿ ಭಿಕ್ಷುಗಳಿಗಿರುವ ರಿಯಾಯಿತಿ ಇಲ್ಲ. ಪ್ರೊಫೆಸರ್ ಆಗಿದ್ದ ಛತ್ಸುಮಾರ್ನ್ ಕಬಿಲ್‌ಸಿಂಗ್ 2003ರಲ್ಲಿ ಶ್ರೀಲಂಕಾಕ್ಕೆ ಹೋಗಿ ದೀಕ್ಷೆ ಪಡೆದು ಧಮ್ಮನಂದಾ ಆದರು. ಊರಿಗೆ ಬಂದು ಮಠ ನಡೆಸುತ್ತಾ, ತಮ್ಮಂಥವರನ್ನು ಬೆಳೆಸಿದರು.

ನಾಯಕತ್ವದ ಪ್ರಶ್ನೆಗೆ ತೈವಾನ್ ನೋಡಿದರೆ ಸಾಕು. ಅಲ್ಲಿ ಭಿಕ್ಷುಗಳಿಗಿಂತ ಭಿಕ್ಷುಣಿಯರೇ ಜಾಸ್ತಿ. 1966ರಲ್ಲಿ ತ್ಸು ಚಿ ಎಂಬ ದೊಡ್ಡ ಸೇವಾ ಸಂಸ್ಥೆ ಕಟ್ಟಿದವರೂ ಭಿಕ್ಷುಣಿಯೇ, ಚೆಂಗ್ ಯೆನ್. ಆದರೂ ಹಳೇ ನಿಯಮವೊಂದು ಪುಸ್ತಕದಲ್ಲಿ ಹಾಗೇ ಇದೆ: ದೀಕ್ಷೆಯಾಗಿ ನೂರು ವರ್ಷವಾದ ಭಿಕ್ಷುಣಿಯೂ ಇವತ್ತಷ್ಟೇ ದೀಕ್ಷೆಯಾದ ಭಿಕ್ಷುವಿಗೆ ಎದ್ದು ನಿಂತು ಕೈಮುಗಿಯಬೇಕು. ಇದು ಬುದ್ಧನದ್ದೇ ಮಾತಾ, ಆಮೇಲೆ ಸೇರಿಸಿದ್ದಾ ಎಂದು ವಿದ್ವಾಂಸರು ಜಗಳವಾಡುತ್ತಲೇ ಇದ್ದಾರೆ.

ಅಷ್ಟರಲ್ಲಿ, 2022ರ ಜೂನ್‌ನಲ್ಲಿ, ಭೂತಾನಿನ ಧರ್ಮಗುರು ಜೆ ಖೆಂಪೊ 140ಕ್ಕೂ ಹೆಚ್ಚು ಹೆಂಗಸರಿಗೆ ಪೂರ್ಣ ದೀಕ್ಷೆ ಕೊಟ್ಟುಬಿಟ್ಟರು.