ಬಳ್ಳಾರಿಯ ಗೋಡೆಗಳಲ್ಲಿ ಬಂಡೆ ಓತಿಕ್ಯಾತ: ಮಳೆಗಾಲದವರೆಗಿನ ದಾಖಲೆ

ಬಳ್ಳಾರಿಯ ಕೋಟೆಗುಡ್ಡದ ಬುಡದಲ್ಲಿರುವ ಓಣಿಗಳಲ್ಲಿ ಬಂಡೆ ಓತಿಕ್ಯಾತಗಳು ಎಂಥ ಗೋಡೆಯನ್ನು ನೆಲೆಯಾಗಿಸಿಕೊಂಡಿವೆ, ಎಂಥದ್ದನ್ನು ಬಿಟ್ಟುಕೊಟ್ಟಿವೆ ಎಂಬುದನ್ನು ಬೇಸಿಗೆಯ ಆರಂಭದಿಂದ ಬರೆದಿಟ್ಟುಕೊಳ್ಳುತ್ತಾ ಬಂದಿದ್ದೇನೆ. ಗೋಡೆಗಳ ಮಟ್ಟಿಗೆ ಕೆಲಸ ಒಂದು ಹಂತಕ್ಕೆ ಬಂದಿದ್ದು, ಮಳೆ ಶುರುವಾದ ಮೇಲೆ ನನ್ನ ಗಮನ ಗೋಡೆಯಿಂದ ಅದರ ಬುಡದ ಮಣ್ಣಿನ ಕಡೆಗೆ ತಿರುಗಿದೆ. ಏಕೆಂಬುದನ್ನು ಮುಂದೆ ವಿವರಿಸುತ್ತೇನೆ.

ಸ್ಯಾಮೊಫಿಲಸ್ ಡಾರ್ಸಾಲಿಸ್ ಎಂಬ ವೈಜ್ಞಾನಿಕ ಹೆಸರಿನ ಈ ಹಲ್ಲಿಜಾತಿಯ ಜೀವಿ ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ವಾಸಿಸುತ್ತದೆ. ಹೆಣ್ಣು ಚಿಕ್ಕದು, ಕಂದು ಮೈಮೇಲೆ ಚುಕ್ಕೆಗಳಿದ್ದು, ಅಲುಗಾಡದೆ ಕುಳಿತರೆ ಕಲ್ಲಿನಿಂದ ಬೇರ್ಪಡಿಸಿ ಗುರುತಿಸುವುದೇ ಕಷ್ಟ. ಗಂಡು ಅದಕ್ಕಿಂತ ದೊಡ್ಡದು, ಸಂತಾನದ ಕಾಲದಲ್ಲಿ ದೂರದಿಂದಲೇ ಎದ್ದು ಕಾಣುತ್ತದೆ. ಊರಿಗೆ ಬಂದ ಕಾಡುಪ್ರಾಣಿಗಳೆಂದರೆ ನಮ್ಮ ಜನ ಮಂಗವನ್ನೋ ಮುಸುವವನ್ನೋ ನೆನೆಯುತ್ತಾರೆ, ಆದರೆ ಇಲ್ಲಿ ಊರೇ ಗುಡ್ಡದ ಬುಡಕ್ಕೆ ಹಬ್ಬಿ ಈ ಪ್ರಾಣಿಯ ಮನೆಯೊಳಗೆ ಕಾಲಿಟ್ಟಿದೆ. ಕೋಟೆಯಿರುವ ಬಳ್ಳಾರಿ ಗುಡ್ಡ, ಅದರೆದುರಿನ ಕುಂಬಾರ ಗುಡ್ಡ, ಇವೆರಡರ ಗ್ರಾನೈಟ್ ಬಂಡೆಗಳು ನಗರದ ನಡುವೆಯೇ ಉಳಿದಿರುವುದರಿಂದ ಬಂಡೆಯ ಮೇಲಿನ ಬದುಕನ್ನೂ ಗೋಡೆಯ ಮೇಲಿನ ಬದುಕನ್ನೂ ಒಂದೇ ಬೆಳಗಿನಲ್ಲಿ ಹೋಲಿಸಿ ನೋಡುವ ಅನುಕೂಲ ನಮಗಿದೆ.

ಸೂರ್ಯ ಮೇಲೇರಿ ಕಲ್ಲು ಬೆಚ್ಚಗಾಗುವ ಹೊತ್ತಿಗೆ ನಡೆಯಲು ಆರಂಭಿಸಿ, ಪ್ರತಿ ಕಂಪೌಂಡ್ ಗೋಡೆಯ ಉದ್ದ, ಕಟ್ಟಿದ ವಸ್ತು, ಗಿಲಾವು ಇದೆಯೇ ಇಲ್ಲವೇ, ಸಂದುಗಳು ಎಷ್ಟು ಆಳ ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದು, ಕಂಡ ಪ್ರಾಣಿಯ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ನಡುಮಧ್ಯಾಹ್ನ ಇವೂ ಸಂದು ಸೇರುತ್ತವೆ. ಆ ಹೊತ್ತಿನಲ್ಲಿ ತಿರುಗಿ ಪ್ರಯೋಜನವಿಲ್ಲ.

ಗೋಡೆಗಳ ವಿಚಾರದಲ್ಲಿ ಕಂಡದ್ದು ಸ್ಪಷ್ಟವಾಗಿದೆ. ಹಳೆಯ ಸೈಜುಗಲ್ಲಿನ ಗೋಡೆ, ಅದರಲ್ಲೂ ಕಲ್ಲುಗಳ ನಡುವಿನ ಗಾರೆ ಉದುರಿ ಬೆರಳು ಹೋಗುವಷ್ಟು ಸಂದು ಬಿಟ್ಟಿರುವ ಗೋಡೆ ಇದ್ದಲ್ಲಿ ಓತಿಕ್ಯಾತ ಇದ್ದೇ ಇರುತ್ತದೆ ಎನ್ನುವಷ್ಟು ಭರವಸೆ ನನಗೆ ಬಂದಿದೆ. ಗಿಲಾವು ಮಾಡದ ಸಿಮೆಂಟ್ ಬ್ಲಾಕ್ ಗೋಡೆಯನ್ನೂ ಅವು ಒಪ್ಪಿಕೊಳ್ಳುತ್ತವೆ, ಏಕೆಂದರೆ ಅದರ ಮೈ ಒರಟು, ಉಗುರಿಗೆ ಹಿಡಿತ ಸಿಗುತ್ತದೆ, ಬ್ಲಾಕಿನ ಟೊಳ್ಳು ಅಡಗುದಾಣವಾಗುತ್ತದೆ. ನುಣ್ಣಗೆ ಗಿಲಾವು ಮಾಡಿ ಬಣ್ಣ ಹೊಡೆದ ಗೋಡೆಯ ಮೇಲೆ ಅವು ದಾಟಿಹೋಗುವುದನ್ನು ಕಂಡಿದ್ದೇನೆಯೇ ಹೊರತು ನೆಲೆ ನಿಂತದ್ದನ್ನು ಕಂಡಿಲ್ಲ.

ಒಂದು ಗೋಡೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕೋಟೆಯ ಕಡೆಗೆ ಏರುವ ಓಣಿಯೊಂದರಲ್ಲಿ ಪಾಳುಬಿದ್ದ ಮನೆಯ ಮುಂದೆ ಎದೆಮಟ್ಟದ ಕಲ್ಲುಗೋಡೆಯಿದ್ದು, ಅದರ ಅತಿ ಎತ್ತರದ ಕಲ್ಲನ್ನು ಒಂದೇ ಗಂಡು ಬೇಸಿಗೆಯುದ್ದಕ್ಕೂ ಆಳಿತು. ಅದರ ಬಾಲದ ತುದಿ ಮುರಿದಿದ್ದರಿಂದ ಗುರುತು ಸುಲಭವಾಗಿತ್ತು. ಹೆಣ್ಣು ಸಂದಿನಿಂದ ತಲೆ ಹೊರಹಾಕಿದೊಡನೆ ಈ ಗಂಡಿನ ಬೆನ್ನು ಕೆಂಪಾಗಿ, ಪಕ್ಕೆಗಳು ಮಸಿಯಂತೆ ಕಪ್ಪಾಗುತ್ತಿದ್ದವು. ಇನ್ನೊಂದು ಗಂಡು ಗೋಡೆಯ ಆ ತುದಿಯಿಂದ ಹತ್ತಿ ಬಂದರೆ ಅದೇ ಬೆನ್ನು ನೋಡನೋಡುತ್ತಿದ್ದಂತೆ ಹಳದಿಗೆ ತಿರುಗುತ್ತಿತ್ತು, ಮುಂಗಾಲು ಚಾಚಿ ಮೈಯನ್ನು ಮೇಲೆ ಕೆಳಗೆ ಆಡಿಸುವುದು ಶುರುವಾಗುತ್ತಿತ್ತು. ಎರಡು ಮಾರು ದೂರದಲ್ಲಿ ಆಟೋ ಹೋದರೂ, ಮಕ್ಕಳು ಕೂಗುತ್ತಾ ಓಡಿದರೂ ಕದಲದ ಆ ಗಂಡು, ಒಬ್ಬರು ನಿಂತು ಅದನ್ನೇ ದಿಟ್ಟಿಸಿದ ಕ್ಷಣಕ್ಕೆ ಸಂದು ಸೇರುತ್ತಿತ್ತು. ದಾರಿಹೋಕರಾರು, ತನ್ನ ಮೇಲೆ ಕಣ್ಣಿಟ್ಟವರಾರು ಎಂಬ ಈ ತಿಳಿವಳಿಕೆ ಗುಡ್ಡದ ಮೇಲಿನ ಓತಿಕ್ಯಾತಗಳಲ್ಲಿ ನನಗೆ ಕಾಣಲಿಲ್ಲ; ಅವು ಮನುಷ್ಯರ ನೆರಳು ಬಿದ್ದರೂ ಓಡುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾರಿಯಾ ಥಾಕರ್ ಅವರ ತಂಡ ಇದೇ ಜಾತಿಯ ಮೇಲೆ ನಡೆಸಿರುವ ಅಧ್ಯಯನಗಳು ಈ ಗಮನಿಕೆಯನ್ನು ಅರ್ಥಮಾಡಿಕೊಳ್ಳಲು ನೆರವಾದವು. ಅನುರಾಧಾ ಬಟಬ್ಯಾಲ್ ಮತ್ತು ಥಾಕರ್ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ಅಡಗುದಾಣಗಳಲ್ಲಿ ಯಾವುದು ಸುರಕ್ಷಿತ ಎಂಬುದನ್ನು ನಗರದಂಚಿನ ಓತಿಕ್ಯಾತಗಳು ಹಳ್ಳಿಗಾಡಿನವುಗಳಿಗಿಂತ ಬೇಗ ಕಲಿತವು. ಅದೇ ತಂಡದ ಮತ್ತೊಂದು ಅಧ್ಯಯನ ಇವುಗಳ ನಿದ್ರೆಯ ಜಾಗಗಳನ್ನು ಕುರಿತದ್ದು: ನಗರದಲ್ಲಿ ಅವು ಬಂಡೆಯನ್ನು ಹೋಲುವ ಒರಟು ಕಾಂಕ್ರೀಟನ್ನು ಆರಿಸಿಕೊಂಡು, ಬೆಳಕು ಬೀಳದ, ಮೇಲೆ ಮರೆಯಿರುವ ಕಡೆಗಳಲ್ಲಿ ಮಲಗುತ್ತವೆ. ಇದನ್ನು ಓದಿದ ಮೇಲೆ ರಾತ್ರಿಯೂ ಗೋಡೆಗಳನ್ನು ನೋಡತೊಡಗಿದೆ. ಬೀದಿದೀಪದ ಕೆಳಗಿನ ಗೋಡೆಯಲ್ಲಿ ಹಗಲು ಓಡಾಡುವ ಓತಿಕ್ಯಾತಗಳು ರಾತ್ರಿ ಅದೇ ಗೋಡೆಯ ಹಿಂಬದಿಗೆ, ಬೆಳಕು ತಲುಪದ ಸಂದುಗಳಿಗೆ ಸರಿದಿರುತ್ತವೆ. ದೀಪದ ಬದಿಯ ಗೋಡೆ ಆಗ ಮನೆಹಲ್ಲಿಗಳದ್ದು. ರಾತ್ರಿ ಟಾರ್ಚ್ ಹಿಡಿದು ಮತ್ತೊಬ್ಬರ ಗೋಡೆ ಇಣುಕುವವರನ್ನು ಓಣಿಯವರು ವಿಚಾರಿಸುವುದು ಸಹಜವಾದ್ದರಿಂದ ಮೊದಲೇ ತಿಳಿಸಿ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಹಿರಿಯರೊಬ್ಬರು, "ನಮ್ಮ ಕಡಿ ಹುಡುಗ್ರು ಇದನ್ನ ಕಂಡ್ರ ಕಲ್ಲು ಹೊಡಿತಾರ, ನೀವು ಫೋಟೋ ಹೊಡಿತೀರಿ ನೋಡ್ರಿ" ಎಂದು ಹೇಳಿ, ತಮ್ಮ ಹಿತ್ತಲ ಗೋಡೆಯನ್ನೂ ತೋರಿಸಿದರು. ಆ ಗೋಡೆ ಈಗ ನನ್ನ ಪಟ್ಟಿಯಲ್ಲಿದೆ.

ಇನ್ನು ಮಣ್ಣಿನ ವಿಚಾರ. ಈ ಜಾತಿಯ ಓತಿಕ್ಯಾತಗಳ ಆಯುಷ್ಯ ಕಡಿಮೆ. ಗಂಡುಗಳಲ್ಲಿ ಹೆಚ್ಚಿನವು ಒಂದೇ ಸಂತಾನದ ಹಂಗಾಮನ್ನು ಕಾಣುತ್ತವೆ. ಹಾಗಾಗಿ ಒಂದು ವರ್ಷ ಮೊಟ್ಟೆ ಕೈಕೊಟ್ಟರೆ ಮರುವರ್ಷ ಆ ಗೋಡೆ ಖಾಲಿಯಾಗುತ್ತದೆ, ಗೋಡೆ ಎಷ್ಟೇ ಚೆನ್ನಾಗಿದ್ದರೂ ಅಷ್ಟೆ. ಮೊಟ್ಟೆಗೆ ಬೇಕಾದದ್ದು ನೆಲ. ಮೊದಲ ಹದಮಳೆಯ ನಂತರ ಆ ಪಾಳುಮನೆಯ ಗೋಡೆಯ ಬುಡದಲ್ಲಿ ಹೆಣ್ಣೊಂದು ಗರಸು ಮಣ್ಣನ್ನು ಮುಂಗಾಲಿನಿಂದ ಕೆರೆದು ಹಿಂಗಾಲಿನಿಂದ ಹೊರತಳ್ಳುತ್ತಾ ಕುಳಿ ತೋಡುವುದನ್ನು ನೋಡಿದೆ. ಕೆಲಸ ಮುಗಿದ ಮೇಲೆ ಅದು ಮಣ್ಣನ್ನು ಎಳೆದು ಮುಚ್ಚಿ, ಮೂತಿಯಿಂದ ಒತ್ತಿ ಒತ್ತಿ ಸಮ ಮಾಡಿತು, ಮತ್ತು ಅದು ಹೋದ ಮೇಲೆ ಜಾಗ ಯಾವುದೆಂದು ನನಗೇ ತಿಳಿಯದಂತಾಯಿತು. ಅದೇ ಓಣಿಯ ಮುಂದಿನ ಭಾಗದಲ್ಲಿ ಸಿ.ಸಿ. ರಸ್ತೆಯನ್ನು ಎರಡೂ ಬದಿಯ ಗೋಡೆಗೆ ತಾಗಿಸಿಯೇ ಹಾಕಲಾಗಿದ್ದು, ಅಲ್ಲಿ ಒಳ್ಳೆಯ ಸಂದುಗಳಿರುವ ಕಲ್ಲುಗೋಡೆಯಿದ್ದರೂ ದೊಡ್ಡ ಓತಿಕ್ಯಾತ ಒಂದೆರಡು ಕಾಣುತ್ತವೆ, ಮರಿ ಕಾಣುವುದಿಲ್ಲ. ಈ ಜೀವಿಯನ್ನು ಊರಿನಿಂದ ಓಡಿಸುತ್ತಿರುವುದು ಗದ್ದಲವಾಗಲಿ ವಾಹನವಾಗಲಿ ಅಲ್ಲ, ಗೋಡೆ ಮತ್ತು ರಸ್ತೆಯ ನಡುವೆ ಗೇಣಗಲದ ಮಣ್ಣನ್ನೂ ಉಳಿಸದ ನಮ್ಮ ಕಟ್ಟಡದ ಪದ್ಧತಿ ಎಂಬುದು ಈವರೆಗಿನ ಕೆಲಸದಿಂದ ನನಗೆ ಬಂದಿರುವ ಅಭಿಪ್ರಾಯ. ನಗರಕ್ಕೆ ಹೊಂದಿಕೊಳ್ಳುವ ಜಾಣ್ಮೆ ಅದಕ್ಕಿದೆ, ಆದರೆ ಕಾಂಕ್ರೀಟಿನೊಳಗೆ ಮೊಟ್ಟೆಯಿಡುವುದನ್ನು ಅದು ಯಾವ ಜಾಣ್ಮೆಯಿಂದಲೂ ಕಲಿಯಲಾರದು.

ಇದನ್ನು ಪರಿಶೀಲಿಸಲು ಊರ ಹೊರಗಿನ ಸಂಗನಕಲ್ಲು ಗುಡ್ಡವನ್ನು ಹೋಲಿಕೆಯ ನೆಲೆಯಾಗಿ ಇಟ್ಟುಕೊಂಡಿದ್ದೇನೆ. ನವಶಿಲಾಯುಗದ ಜನ ಕಲ್ಲಿನ ಕೊಡಲಿ ತಯಾರಿಸುತ್ತಿದ್ದ ಆ ಗುಡ್ಡದಲ್ಲಿ ಬಂಡೆಗೂ ಮಣ್ಣಿಗೂ ಕೊರತೆಯಿಲ್ಲ. ಅಲ್ಲಿ ಮರಿಗಳು ಕಾಣಿಸಿಕೊಳ್ಳುವ ಕಾಲವನ್ನು ಗುರುತಿಸಿಕೊಂಡು, ಅದೇ ವಾರಗಳಲ್ಲಿ ಕೋಟೆಯ ಓಣಿಗಳ ಮಣ್ಣಿರುವ ಗೋಡೆಗಳನ್ನೂ ಮಣ್ಣಿಲ್ಲದ ಗೋಡೆಗಳನ್ನೂ ಬೇರೆಬೇರೆಯಾಗಿ ನೋಡುವುದು ಮುಂದಿನ ಹಂತದ ಕೆಲಸ. ಹಿತ್ತಲ ಗೋಡೆ ತೋರಿಸಿದ ಹಿರಿಯರ ಮನೆಯಲ್ಲಿ ಅಂಗಳಕ್ಕೆ ಪೇವರ್ಸ್ ಹಾಕಿಸುವ ಮಾತು ನಡೆದಿದ್ದು, ಗೋಡೆಯ ಬುಡದಲ್ಲಿ ಒಂದು ಅಡಿ ಅಗಲದ ಪಟ್ಟಿಯನ್ನು ಹಾಗೆಯೇ ಬಿಡುವಂತೆ ಕೇಳಿಕೊಂಡಿದ್ದೇನೆ. ಅಲ್ಲಿ ದಾಸವಾಳ ಹಚ್ಚುತ್ತೇವೆ ಎಂದು ಅವರ ಸೊಸೆ ಒಪ್ಪಿದ್ದಾರೆ.