ಐದು ಪ್ರಶ್ನೆ ಚಿಹ್ನೆ

ಇವತ್ತು ಒಂದು ಹಳೇ ಮೈಎಸ್‌ಕ್ಯೂಎಲ್ ಡೇಟಾಬೇಸ್ ತೆರೆದರೆ, ಪುಸ್ತಕಗಳ ಹೆಸರಿರಬೇಕಾದ ಜಾಗದಲ್ಲೆಲ್ಲ ಬರೀ ?????

"ಕನ್ನಡ" ಅಂತ ಇರಬೇಕಾದ ಕಡೆ ಸರಿಯಾಗಿ ಐದು. ಕಣ್ಣಿಗೆ ಕಾಣುವುದು ಮೂರೇ ಅಕ್ಷರ ಅಲ್ವಾ? ಕಂಪ್ಯೂಟರ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನ ಲೆಕ್ಕ ಬೇರೆ. ಕ, ನ, ಒಂದು ಹಲಂತ (್), ಇನ್ನೊಂದು ನ, ಆಮೇಲೆ ಡ. ಒತ್ತಕ್ಷರದೊಳಗೆ ಅಡಗಿರುವ ಆ ಹಲಂತಕ್ಕೂ ಒಂದು ಪ್ರಶ್ನೆ ಚಿಹ್ನೆ!

ಎಲ್ಲರೂ ಮೊದಲು ಫಾಂಟ್ ಮೇಲೆ ಅನುಮಾನ ಪಡುತ್ತಾರೆ. ಫಾಂಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಖಾಲಿ ಡಬ್ಬಿಗಳು ಕಾಣುತ್ತವೆ, ಪ್ರಶ್ನೆ ಚಿಹ್ನೆ ಅಲ್ಲ. ಅದಕ್ಕೇ ಹೆಕ್ಸ್, ಅಂದರೆ ಒಳಗೆ ನಿಜವಾಗಿ ಉಳಿದಿರುವ ಬೈಟ್‌ಗಳ ಸಂಕೇತ, ಹಾಕಿ ನೋಡಿದೆ. ಬರೀ 3ಎಫ್ 3ಎಫ್ (ಅದು ಪ್ರಶ್ನೆ ಚಿಹ್ನೆಯದೇ ಸಂಕೇತ) ಅಂತ ಬಂದಿದ್ದರೆ ಕಥೆ ಮುಗಿದಂತೆ. ಸೇವ್ ಮಾಡುವಾಗಲೇ ಅಕ್ಷರ ಹೋಗಿರುತ್ತದೆ, ಏನು ಮಾಡಿದರೂ ವಾಪಸ್ ಬರುವುದಿಲ್ಲ.

ಬಂದದ್ದು ಇ0 ಬಿ2 95.

ಅದು ನಮ್ಮ ಕ! ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಅದಕ್ಕೆ 3 ಬೈಟ್. ಎಷ್ಟು ಖುಷಿಯಾಯಿತು ಗೊತ್ತಾ.

ಒಳಗೆ ಎಲ್ಲ ಭದ್ರವಾಗಿತ್ತು. ತೊಂದರೆ ಇದ್ದದ್ದು ಡೇಟಾಬೇಸ್‌ನಿಂದ ಪರದೆಗೆ ಅಕ್ಷರ ತರುವ ಕನೆಕ್ಷನ್‌ನಲ್ಲಿ. ಅದು ಎಲ್ಲವನ್ನೂ ಕನ್ನಡವೇ ಇಲ್ಲದ ಲ್ಯಾಟಿನ್-1 ಎಂಬ ಹಳೇ ಅಕ್ಷರಪಟ್ಟಿಗೆ ಬದಲಾಯಿಸಿ ಕೊಡುತ್ತಿತ್ತು, ಅದಕ್ಕೇ ಪ್ರಶ್ನೆ ಚಿಹ್ನೆ. ಅದಕ್ಕೆ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನಲ್ಲಿ ಪೂರ್ತಿ ಯುಟಿಎಫ್-8ರ ಹೆಸರು) ಅಂತ ಹೇಳಿದ ತಕ್ಷಣ ಹೆಸರುಗಳೆಲ್ಲ ಸಾಲಾಗಿ ಬಂದವು.

2018ರಲ್ಲಿ 8.0 ಆವೃತ್ತಿ ಬರುವವರೆಗೆ ಮೈಎಸ್‌ಕ್ಯೂಎಲ್‌ನ ಡೀಫಾಲ್ಟ್ ಲ್ಯಾಟಿನ್-1 ಆಗಿತ್ತು. ಅದಕ್ಕೂ ಮುಂಚಿನ ಎಷ್ಟು ಕನ್ನಡ ಪಟ್ಟಿಗಳನ್ನು "ಹಾಳಾಗಿದೆ" ಅಂತ ಸುಮ್ನೆ ಡಿಲೀಟ್ ಮಾಡಿರಬಹುದೋ, ನೆನೆದರೆ ಸಂಕಟವಾಗುತ್ತದೆ. ನಿಮ್ಮ ಆಫೀಸಲ್ಲೋ ಊರಿನ ಲೈಬ್ರರಿಯಲ್ಲೋ ಇಂಥದ್ದು ಕಂಡರೆ, ದಯವಿಟ್ಟು ಅಳಿಸುವ ಮೊದಲು ಒಂದು ಸಲ ಹೆಕ್ಸ್ ನೋಡಿ. ಅರ್ಥವಾಗದಿದ್ದರೆ ನನಗೆ ಕಳಿಸಿ, ಕೂತು ನೋಡೋಣ.